ಅಪ್ಪನಿಗೆ ಹೇಗೆ ಹೇಳಲಿ?

ಕಳೆದ ವಾರದ ಸಮಸ್ಯೆ: ಮೈಸೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಪರೀಕ್ಷೆ ಫೀಸಿಗೆಂದು ಲೋನ್ ಆಪ್‌ನಲ್ಲಿ 5,000 ರೂಪಾಯಿ ಸಾಲ ಮಾಡಿದೆ. ಅದನ್ನು ತೀರಿಸಲು ಇನ್ನೊಂದು ಆಪ್, ಆಮೇಲೆ ಮತ್ತೊಂದು. ಈಗ 22,000 ಆಗಿದೆ. ಪರಿಚಯದವರಿಗೆಲ್ಲ ನನ್ನ ಫೋಟೊ ಕಳಿಸುತ್ತೇವೆ ಎಂದು ಹೆದರಿಸುತ್ತಿದ್ದಾರೆ. ಅಪ್ಪ ರೈತರು. ಹೇಳಲು ಧೈರ್ಯವಿಲ್ಲ.

ತಮ್ಮಾ, ಮೂರು ವರ್ಷದ ಹಿಂದೆ ನನ್ನ ಕಥೆಯೂ ಇದೇ. ಫೋನ್ ಗುಂಯ್ ಅಂದರೆ ಸಾಕು, ಎದೆ ಝಲ್ ಅನ್ನುತ್ತಿತ್ತು. ಮೆಸ್‌ನಲ್ಲಿ ಊಟಕ್ಕೆ ಕೂತಾಗ ಫೋನನ್ನು ಬೋರಲು ಹಾಕಿ ಇಡುತ್ತಿದ್ದೆ. ನನಗೂ 5,000 ಸಾಲ ಎಂದೇ ತೋರಿಸಿದ್ದರು. ಖಾತೆಗೆ ಬಂದಿದ್ದು 3,200. ಪ್ರೊಸೆಸಿಂಗ್ ಫೀಸ್ ಅಂತ 1,800 ಮುರಿದುಕೊಂಡಿದ್ದರು. ಏಳೇ ದಿನಕ್ಕೆ ಪೂರ್ತಿ 5,000 ಕಟ್ಟಬೇಕು. ಒಂದು ರಾತ್ರಿ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಲೆಕ್ಕ ಹಾಕಿದೆ. ವಾರಕ್ಕೆ ನೂರಕ್ಕೆ 56 ರೂಪಾಯಿ ಬಡ್ಡಿ! ನಮ್ಮೂರಿನ ಮೀಟರ್ ಬಡ್ಡಿಯವರೂ ಇಷ್ಟು ಕೇಳುವುದಿಲ್ಲ.

ಶನಿವಾರ ಊರಿಗೆ ಹೋದೆ. ಅಪ್ಪ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಬಾಯಿ ಬರಲಿಲ್ಲ. ಆ ಹಾಳೆಯನ್ನೇ ಕೈಗೆ ಕೊಟ್ಟೆ. ಓದಿ ಸುಮ್ಮನೆ ನಿಂತರು. ಆಮೇಲೆ ಬೈದರು, ಚೆನ್ನಾಗಿಯೇ ಬೈದರು. ರಾತ್ರಿ ಮುದ್ದೆ ಮುರಿಯುತ್ತಾ, "ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ ಮಗಾ?" ಅಂತ ಕೇಳಿದರು. ನಿಮ್ಮಪ್ಪನೂ ಬೈಯಬಹುದು. ಬೈಯಲಿ ಬಿಡು. ಆಪ್‌ನವರು ಫೋಟೊ ಕಳಿಸುವ ಮೊದಲೇ ಮನೆಯಲ್ಲಿ ವಿಷಯ ಗೊತ್ತಾಗಿಬಿಟ್ಟರೆ, ಆಮೇಲೆ ಏನು ಹೇಳಿ ಹೆದರಿಸುತ್ತಾರೆ?
– ಈಗ ಕೆಲಸದಲ್ಲಿರುವ ಒಬ್ಬ ಅಣ್ಣ, ತುಮಕೂರು

ಒಂದು ಆಪ್‌ನ ಸಾಲ ತೀರಿಸಲು ಇನ್ನೊಂದು ಆಪ್‌ಗೆ ಹೋಗುವುದನ್ನು ಇವತ್ತೇ ನಿಲ್ಲಿಸಪ್ಪಾ. ಸಾಲದ ಆಪ್‌ಗಳು ನಮ್ಮ ಫೋನಿನ ಕಾಂಟ್ಯಾಕ್ಟ್, ಫೋಟೊ ಮುಟ್ಟುವಂತಿಲ್ಲ ಎಂದು ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಎಲ್ಲ ಖರ್ಚೂ ಸೇರಿ ವರ್ಷಕ್ಕೆ ಬಡ್ಡಿ ಎಷ್ಟು ಬೀಳುತ್ತದೆ ಎಂದು ಸಾಲ ಕೊಡುವ ಮೊದಲೇ ತಿಳಿಸಬೇಕು. ತಪ್ಪು ಮಾಡುತ್ತಿರುವವರು ಅವರು. ಬೆದರಿಕೆ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ, ಯಾವುದನ್ನೂ ಅಳಿಸಬೇಡ. 1930ಕ್ಕೆ ಫೋನ್ ಮಾಡು, ಅದು ಸೈಬರ್ ಅಪರಾಧದ ಸಹಾಯವಾಣಿ. ಆರ್‌ಬಿಐನ ಸಚೇತ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ಇನ್ನೊಂದು ಮಾತು. ಫೀಸಿಗೆ ದುಡ್ಡಿಲ್ಲದಿದ್ದರೆ ಮೊದಲು ಕಾಲೇಜಿನ ಆಫೀಸಿಗೆ ಹೋಗಿ ಕೇಳಬೇಕಿತ್ತು. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೀಯಾ? ರೈತರ ಮಕ್ಕಳಿಗೆಂದೇ 2021ರಲ್ಲಿ ರೈತ ವಿದ್ಯಾನಿಧಿ ಎಂಬ ಸ್ಕಾಲರ್‌ಶಿಪ್ ಶುರುವಾಯಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ದುಡ್ಡು ನಿಂತುಹೋದ ಎಷ್ಟೋ ಹುಡುಗರನ್ನು ನಮ್ಮ ಕೌಂಟರಿನಲ್ಲೇ ನೋಡಿದ್ದೇನೆ. ಬ್ಯಾಂಕಿಗೆ ಹೋಗಿ ಒಮ್ಮೆ ವಿಚಾರಿಸು.
– ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ನನ್ನ ಮಗಳು ಫೋನಿನ ಇಎಂಐ ಕಟ್ಟಲು ರಾತ್ರಿ ಊಟ ಬಿಡುತ್ತಿದ್ದಳಂತೆ. ನನಗೆ ಗೊತ್ತಾಗಿದ್ದು ಆರು ತಿಂಗಳ ಮೇಲೆ. ದಿನಾ ಫೋನಿನಲ್ಲಿ "ಊಟ ಆಯ್ತಾ?" ಅಂದರೆ "ಆಯ್ತಮ್ಮಾ" ಅನ್ನುತ್ತಿದ್ದಳು. ಸಾಲಕ್ಕಿಂತ ಅದನ್ನು ನೆನೆದರೇ ಈಗಲೂ ಸಂಕಟವಾಗುತ್ತದೆ. ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡು ಕಂದಾ. ಯಾವ ಹೊತ್ತಿನಲ್ಲಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಈ ಭಾನುವಾರ ಊರಿಗೆ ಹೋಗು. ಅಪ್ಪನ ಭಯ ಜಾಸ್ತಿ ಅನ್ನಿಸಿದರೆ ಅಮ್ಮನಿಗೆ ಮೊದಲು ಹೇಳು. ಅಪ್ಪನಿಗೆ ಅವರೇ ಹೇಳುತ್ತಾರೆ.
– ಒಬ್ಬ ತಾಯಿ, ಧಾರವಾಡ