ಭುಜ ನೋವು: ಬಲದ ಗ್ರೇಡ್ 3 ಕೊಡೋದಾ, 4 ಕೊಡೋದಾ?

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ):
ಅಡಿಕೆ ಸುಲಿಯೋ ಹೆಂಗಸರು ಭುಜ ನೋವು ಅಂತ ಓಪಿಡಿಗೆ ಬರ್ತಾರೆ. ಪರೀಕ್ಷೆ ಯಾವ ಕ್ರಮದಲ್ಲಿ ಮಾಡಬೇಕು? ಸ್ನಾಯು ಬಲಕ್ಕೆ 0ರಿಂದ 5ರವರೆಗೆ ಕೊಡೋ ಗ್ರೇಡ್ ಬರೆಯೋದ್ರಲ್ಲೂ ಗೊಂದಲ.

ಫಿಸಿಯೋ, ಪಿ.ಜೆ. ಬಡಾವಣೆ:
ಮೊದಲು ಹಿಂದಿನಿಂದ ಎರಡೂ ಭುಜ ನೋಡಿ. ಹೆಗಲೆಲುಬಿನ ಮೇಲಿನ ಮಾಂಸ ಒಂದು ಕಡೆ ಕರಗಿದ್ಯಾ? ಆಮೇಲೆ ಮುಟ್ಟಿ. ಚಲನೆ ನೋಡುವಾಗ ನೋವಿಲ್ಲದ ಕೈಯಿಂದ ಶುರು ಮಾಡಿ; ಮೊದಲು ಅವರೇ ಎತ್ತಲಿ, ನಂತರ ನೀವು ಎತ್ತಿ. ಅವರಿಗೆ ಆಗದೆ ನಿಮ್ಮ ಕೈಗೆ ಪೂರ್ತಿ ಬಂದ್ರೆ ಸ್ನಾಯುರಜ್ಜು (ಸ್ನಾಯುವನ್ನ ಮೂಳೆಗೆ ಕಟ್ಟೋ ಪಟ್ಟಿ) ಇಲ್ಲವೇ ನರದ ತೊಂದರೆ ಇರಬಹುದು. ಅವರು ಎತ್ತಿದ್ರೂ ನೀವು ಎತ್ತಿದ್ರೂ ಬಿಗಿಯಾಗಿದ್ರೆ, ಅದರಲ್ಲೂ ಮೊಣಕೈ ಪಕ್ಕೆಗೆ ಒತ್ತಿ ಮುಂಗೈ ಹೊರಗೆ ತಿರುಗಿಸಲು ಆಗದಿದ್ರೆ, ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳೋದು) ಅನುಮಾನಿಸಿ, ಶುಗರ್ ಇದ್ಯಾ ಕೇಳಿ. ಕೈ ಏಳುವಾಗ ಭುಜವನ್ನೇ ಕಿವಿ ಕಡೆ ಎಳ್ಕೊಳ್ತಾರೆ, ಅದನ್ನ ಚಲನೆ ಅಂತ ಲೆಕ್ಕ ಹಾಕ್ಬೇಡಿ.

ಇನ್ನೊಬ್ಬರು:
ನೀವು ಒತ್ತದೇ ಇದ್ದಾಗ, ಭೂಮಿಯ ಸೆಳೆತದ ವಿರುದ್ಧ ಪೂರ್ತಿ ಎತ್ತಿದ್ರೆ 3. ನಿಮ್ಮ ಒತ್ತಡ ಸ್ವಲ್ಪ ತಡೆದ್ರೆ 4, ಪೂರ್ತಿ ತಡೆದ್ರೆ 5. ನೋವಿಗೆ ಕೈ ಬಿಟ್ಟರೆ ಪಕ್ಕದಲ್ಲಿ ‘ನೋವಿನಿಂದ’ ಅಂತ ಬರೀರಿ, ಇಲ್ಲಾಂದ್ರೆ ಓದಿದವರು ನರ ದೌರ್ಬಲ್ಯ ಅಂದ್ಕೊಳ್ತಾರೆ.

ಮೂಳೆ ವಿಭಾಗದ ವೈದ್ಯರು:
ಕುತ್ತಿಗೆಯನ್ನೂ ತಿರುಗಿಸಿ ನೋಡಿ, ನೋವು ಅಲ್ಲಿಂದಲೂ ಬರ್ತಿರಬಹುದು. ಜ್ವರದ ಜೊತೆ ಕೀಲು ಬಿಸಿಯಾಗಿ ಊದಿದ್ರೆ ಅವತ್ತೇ ವೈದ್ಯರಿಗೆ ತೋರಿಸಿ. ಎಡಭುಜ ನೋವಿನ ಜೊತೆ ಬೆವರು, ಉಸಿರಾಟದ ಕಷ್ಟ ಇದ್ರೆ ಪರೀಕ್ಷೆ ನಿಲ್ಲಿಸಿ ತಕ್ಷಣ ಇಸಿಜಿ.