ಲಾಂಛನದ ಸಿಂಹ ಕುರಿಯಾಗಿದೆ, ಎಲ್ಲಿ ತಪ್ಪಿದೆ?

ಮರದಪುಡಿ:
ನಮ್ಮ ಮನೆತನದ ಲಾಂಛನವನ್ನು ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ) ಕೆತ್ತಲು ಹೊರಟಿದ್ದೇನೆ. ಗುರಾಣಿ, ನಡುವೆ ಸಿಂಹದ ಮುಖ, ಸುತ್ತ ಬಳ್ಳಿ, ಕೆಳಗಿನ ಪಟ್ಟಿಯಲ್ಲಿ ಹೆಸರು. 300 ಮಿ.ಮೀ. ಚೌಕ, ಆಳ 10 ಮಿ.ಮೀ., ಪೈನ್ ಹಲಗೆ. ಚಿಕ್ಕಪ್ಪನ ಹತ್ತಿರ ಇದ್ದ ಹಳೇ ಚಿತ್ರದ ಫೋಟೋ ತೆಗೆದು ಅದನ್ನೇ ಹೈಟ್‌ಮ್ಯಾಪ್ (ಯಂತ್ರ ಎತ್ತರ-ತಗ್ಗು ಓದಿಕೊಳ್ಳುವ ಕಪ್ಪು-ಬಿಳುಪು ಚಿತ್ರ) ಮಾಡಿದೆ. 3 ಮಿ.ಮೀ. ಬಾಲ್ ನೋಸ್ (ಗುಂಡು ತುದಿಯ ಕೆತ್ತುವ ಬಿಟ್) ಒಂದರಲ್ಲೇ ಎಲ್ಲ ಕೆಲಸ. ಮೂರೂವರೆ ಗಂಟೆ ಓಡಿತು. ಕೊನೆಗೆ ನೋಡಿದರೆ ಮೂಗಿನ ಜಾಗದಲ್ಲಿ ಹೊಂಡ, ಬಳ್ಳಿ ತುಂಬ ನಾರು, ಅಕ್ಷರ ಓದೋಕೇ ಆಗಲ್ಲ. ಮಗಳು ಬಂದು "ಕುರಿ ಚೆನ್ನಾಗಿದೆ ಅಪ್ಪ" ಅಂದಳು.

ಹಳೇಉಳಿ:
ಮಗಳ ತಪ್ಪಿಲ್ಲ ಬಿಡಿ! ಹೈಟ್‌ಮ್ಯಾಪ್‌ನಲ್ಲಿ ಬಿಳಿ ಅಂದರೆ ಎತ್ತರ, ಕಪ್ಪು ಅಂದರೆ ತಗ್ಗು. ಚಿತ್ರದಲ್ಲಿ ಮೂಗು ಕಪ್ಪಗಿತ್ತು ಅಲ್ವಾ? ಯಂತ್ರ ಅದನ್ನು ತೋಡಿ ಹಾಕಿದೆ. ಫೋಟೋದಲ್ಲಿ ಇರುವುದು ಬಣ್ಣ, ಎತ್ತರ ಅಲ್ಲ. ಚಿತ್ರದ ಗೆರೆಗಳನ್ನು ವೆಕ್ಟರ್ (ಕಂಪ್ಯೂಟರ್‌ನ ಗೆರೆಚಿತ್ರ) ಮಾಡಿಕೊಂಡು ಒಂದೊಂದು ಭಾಗಕ್ಕೂ ಎತ್ತರ ನೀವೇ ಕೊಡಿ. ಗುರಾಣಿ ತಳಕ್ಕೆ, ಅದರ ಮೇಲೆ ಕೇಸರ, ಆಮೇಲೆ ಕೆನ್ನೆ, ಎಲ್ಲಕ್ಕಿಂತ ಮೇಲೆ ಮೂಗು. ಚಿತ್ರವಾಗಿಯೇ ಉಳಿಸುವುದಾದರೆ 16 ಬಿಟ್ ಪಿಎನ್‌ಜಿ ಫೈಲ್ ಇರಲಿ. 8 ಬಿಟ್‌ನಲ್ಲಿ ಎತ್ತರಕ್ಕೆ ಇರುವುದು ಬರೀ 256 ಮೆಟ್ಟಿಲು.

ಅಕ್ಷರವನ್ನು ಈ ರಿಲೀಫ್‌ಗೆ (ಉಬ್ಬುಕೆತ್ತನೆಗೆ) ಸೇರಿಸಲೇಬೇಡಿ. ಬಾಲ್ ನೋಸ್ ಒತ್ತಕ್ಷರದ ಸಂದಿಗೆ ಇಳಿಯುವುದಿಲ್ಲ. 60 ಡಿಗ್ರಿ ವಿ-ಬಿಟ್‌ನಲ್ಲಿ (ವಿ ಆಕಾರದ ಚೂಪು ಬಿಟ್) ಬೇರೆಯಾಗಿ ಕೆತ್ತಿ. 2 ಮಿ.ಮೀ. ದಪ್ಪದ ಗೆರೆಗೆ ಸುಮಾರು 1.7 ಮಿ.ಮೀ. ಆಳ ಸಿಗುತ್ತದೆ. ಪಟ್ಟಿ ಮೇಲ್ಮೈಯಿಂದ 4 ಮಿ.ಮೀ. ಕೆಳಗಿದ್ದರೆ ಸ್ಟಾರ್ಟ್ ಡೆಪ್ತ್ (ಕೆತ್ತನೆ ಶುರುವಾಗುವ ಆಳ) 4 ಅಂತ ಕೊಡಿ. ನಾನು ಮರೆತು, ಬಿಟ್ ಸುಮ್ನೆ ಗಾಳಿಯಲ್ಲಿ ಹೆಸರು ಬರೆಯುವುದನ್ನು ನಿಂತು ನೋಡಿದ್ದೇನೆ.

ಮರದಪುಡಿ:
ಸಿಂಹಕ್ಕೆ 1 ಮಿ.ಮೀ. ತುದಿಯ ಟೇಪರ್ಡ್ (ತುದಿಯತ್ತ ಸಣ್ಣಗಾಗುವ) ಬಾಲ್ ನೋಸ್ ತಂದಿದ್ದೇನೆ. 0.1 ಮಿ.ಮೀ. ಸ್ಟೆಪ್‌ಓವರ್ (ಒಂದು ಗೆರೆಯಿಂದ ಪಕ್ಕದ ಗೆರೆಗೆ ಅಂತರ) ಕೊಟ್ಟರೆ ಸಾಫ್ಟ್‌ವೇರ್ 10 ಗಂಟೆ ತೋರಿಸುತ್ತಿದೆ!

ಝಡ್‌ಸೊನ್ನೆ:
ತೋರಿಸಲೇಬೇಕು. 300 ಮಿ.ಮೀ.ಗೆ 3000 ಗೆರೆ, ಒಟ್ಟು 900 ಮೀಟರ್ ಓಟ. ನಿಮಿಷಕ್ಕೆ 1500 ಮಿ.ಮೀ. ವೇಗ ಅಂದರೆ 10 ಗಂಟೆಯೇ. 0.2 ಮಾಡಿ, ಅರ್ಧಕ್ಕೆ ಇಳಿಯುತ್ತದೆ. ಆಗ ಗೆರೆಗಳ ನಡುವೆ ಉಳಿಯುವ ಏಣು ಬರೀ 0.01 ಮಿ.ಮೀ., ಮರಳು ಕಾಗದ ಒಮ್ಮೆ ಆಡಿಸಿದರೆ ಮಾಯ. ಇನ್ನೂ ಒಂದು ಉಪಾಯ: ಸಣ್ಣ ಬಿಟ್ಟನ್ನು ಸಿಂಹದ 120 ಮಿ.ಮೀ. ಚೌಕಕ್ಕೆ ಮಾತ್ರ ಬಿಡಿ. ಮುಕ್ಕಾಲು ಗಂಟೆ ಚಿಲ್ಲರೆ, ಅಷ್ಟೇ. ಉಳಿದದ್ದಕ್ಕೆ ನಿಮ್ಮ 3 ಮಿ.ಮೀ. ಸಾಕು. ಆದರೆ ಮೊದಲು 6 ಮಿ.ಮೀ. ಎಂಡ್ ಮಿಲ್‌ನಲ್ಲಿ (ಚಪ್ಪಟೆ ತುದಿಯ ಬಿಟ್) ರಫಿಂಗ್ (ಒರಟು ಕೆತ್ತನೆ) ಮಾಡಿ, ಅರ್ಧ ಮಿ.ಮೀ. ಉಳಿಸಿ. ಇಲ್ಲದಿದ್ದರೆ ಆ ಸಣ್ಣ ತುದಿ ಟಕ್ ಅಂತ ಹೋಗುತ್ತದೆ.

ಝಡ್ ಸೊನ್ನೆಯನ್ನು (ಯಂತ್ರ ಎತ್ತರ ಅಳೆಯಲು ಶುರುಮಾಡುವ ಮಟ್ಟ) ಹಲಗೆಯ ಮೇಲೆ ಇಡಬೇಡಿ, ಕೆಳಗಿನ ಸ್ಪಾಯಿಲ್‌ಬೋರ್ಡ್ (ಯಂತ್ರದ ಹಾಸುಹಲಗೆ) ಮೇಲೆ ಇಡಿ. ರಫಿಂಗ್ ಆದ ಮೇಲೆ ಹಲಗೆಯ ಮೇಲ್ಮೈ ಎಲ್ಲಿ ಉಳಿದಿರುತ್ತದೆ? ನಾನು ಬಿಟ್ ಬದಲಿಸಿ, ಆಗಲೇ ಕೆತ್ತಿದ್ದ ಜಾಗದಲ್ಲಿ ಸೊನ್ನೆ ಹಿಡಿದು, ಒಂದು ನವಿಲಿನ ಕತ್ತನ್ನೇ ಹಾರಿಸಿದ್ದೆ.

ಪೈನ್ ಮಾತ್ರ ಬಿಟ್ಟುಬಿಡಿ. ಒಂದು ಉಂಗುರ ಮೆತ್ತಗೆ, ಪಕ್ಕದ್ದು ಗಟ್ಟಿ, ನಾರು ಏಳದೆ ಇನ್ನೇನು? ಮೇಪಲ್, ವಾಲ್‌ನಟ್ ಥರದ ಬಿಗಿ ಮರ ನೋಡಿ. ತೇಗವೂ ಆದೀತು, ಆದರೆ ಅದರ ಸಿಲಿಕಾ ಬಿಟ್ಟನ್ನು ಬೇಗ ಮೊಂಡು ಮಾಡುತ್ತದೆ.

ಮರದಪುಡಿ:
ಮೇಪಲ್ ತುಂಡಿನ ಮೇಲೆ ಬರೀ ಮುಖ ಕೆತ್ತಿ ನೋಡಿದೆ. ಮೂಗು ಬಂದಿದೆ, ನಾರಿಲ್ಲ. ಕೆನ್ನೆ ಜಾಸ್ತಿ ಉಬ್ಬಿದೆ, ಒಂದು ಮಿ.ಮೀ. ಇಳಿಸಬೇಕು. ಮಗಳು ಈಗ ನಾಯಿ ಅನ್ನುತ್ತಿದ್ದಾಳೆ.