ರಭಸದಲ್ಲಿ ಹರಿಯುವ ರಕ್ತದಲ್ಲಿ ಪ್ಲೇಟ್‌ಲೆಟ್ ನಿಲ್ಲುವುದಾದರೂ ಹೇಗೆ?

ಎಂಎಲ್‌ಟಿ_ಎರಡನೇ_ವರ್ಷ:
ನಮ್ಮ ಪಾಠದಲ್ಲಿ ಇರುವುದು ಒಂದೇ ಸಾಲು. ಗಾಯವಾದಲ್ಲಿ ಪ್ಲೇಟ್‌ಲೆಟ್‌ಗಳು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆಯಂತೆ. ಆದರೆ ಫೈಬ್ರಿನೋಜನ್ ಪ್ಲಾಸ್ಮಾದಲ್ಲಿ ಲೀಟರಿಗೆ 2ರಿಂದ 4 ಗ್ರಾಂ ಯಾವಾಗಲೂ ಇದ್ದೇ ಇರುತ್ತದಲ್ಲ, ಮತ್ತೆ ಸುಮ್ಮನೆ ಹರಿಯುವಾಗ ಯಾಕೆ ಅಂಟಲ್ಲ? ಗಾಯವಾದಾಗ, ಅದೂ ಅಪಧಮನಿಯ ರಭಸದಲ್ಲಿ, ಕೊಚ್ಚಿಹೋಗದೆ ಹೇಗೆ ನಿಲ್ಲುತ್ತವೆ?

ಕೆಂಪುಕಣ:
ಅದನ್ನು ಹಿಡಿಯುವ ಪ್ಲೇಟ್‌ಲೆಟ್ ಮೈಮೇಲಿನ ಪ್ರೋಟೀನ್, ಅಂದರೆ ರಿಸೆಪ್ಟರ್, ಆಕ್ಟಿವೇಟ್ ಆಗಿರಲ್ಲ, ಅಷ್ಟೇ.

ಸ್ಲೈಡ್_ಮುಂದೆ_ಕೂತವಳು:
ಮೇಲಿನವರು ಹೇಳಿದ್ದು ನಿಮ್ಮ ಮೊದಲ ಪ್ರಶ್ನೆಗೆ ಸಾಕು, ಎರಡನೆಯದಕ್ಕೆ ಸಾಲದು. ಫೈಬ್ರಿನೋಜನ್ ಹಿಡಿಯುವುದು ಜಿಪಿ2ಬಿ/3ಎ ಎಂಬ ರಿಸೆಪ್ಟರ್. ಅದು ಮಡಚಿಕೊಂಡೇ ಇರುತ್ತದೆ, ಒಳಗಿನಿಂದ ಸೂಚನೆ ಬಂದ ಮೇಲೆ ನೆಟ್ಟಗಾಗುವುದು. ಓಡುತ್ತಿರುವ ಪ್ಲೇಟ್‌ಲೆಟ್‌ಗೆ ಅಷ್ಟು ಪುರುಸೊತ್ತು ಎಲ್ಲಿ?

ಇದು ನನಗೆ ತಲೆಗೆ ಹತ್ತಿದ್ದು ಒಂದು ಎಡವಟ್ಟಿನಿಂದ. ಗಾಜಿನ ಮೇಲೆ ಪಂಪಿನಿಂದ ರಕ್ತ ಹರಿಸಿ ನೋಡುವ ಫ್ಲೋ ಚೇಂಬರ್ ಕಲಿಯುತ್ತಿದ್ದ ಕಾಲ. ಗಾಜಿಗೆ ವಾನ್ ವಿಲ್ಲಿಬ್ರ್ಯಾಂಡ್ ಫ್ಯಾಕ್ಟರ್ ಎಂಬ, ರಕ್ತದಲ್ಲೇ ಇರುವ ಉದ್ದನೆಯ ಪ್ರೋಟೀನ್ ಲೇಪಿಸಿ, ಮೇಲೆ ರಕ್ತ ಹರಿಸಿದೆ. ಪ್ಲೇಟ್‌ಲೆಟ್‌ಗಳು ಬರುತ್ತವೆ, ತಾಗುತ್ತವೆ, ಮುಗ್ಗರಿಸುತ್ತ ಉರುಳುತ್ತವೆ, ಒಂದೂ ನಿಲ್ಲಲ್ಲ! ಅರ್ಧ ದಿನ ಪಂಪಿಗೆ ಬೈದೆ. ಆಮೇಲೆ ಕಸದ ಡಬ್ಬಿಯಲ್ಲಿ ನೇರಳೆ ಮುಚ್ಚಳ ಕಂಡಿತು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕಿದ ಟ್ಯೂಬಿನ ರಕ್ತ ತಂದಿದ್ದೆ. ಇಡಿಟಿಎ ಕ್ಯಾಲ್ಸಿಯಂ ಕಸಿಯುತ್ತದೆ, ಕ್ಯಾಲ್ಸಿಯಂ ಇಲ್ಲದೆ ಜಿಪಿ2ಬಿ/3ಎ ಕೆಲಸ ಮಾಡಲ್ಲ. ಆದರೆ ಪ್ಲೇಟ್‌ಲೆಟ್‌ನ ಇನ್ನೊಂದು ರಿಸೆಪ್ಟರ್ ಜಿಪಿ1ಬಿ ಇದೆಯಲ್ಲ, ಅದು ವಿಲ್ಲಿಬ್ರ್ಯಾಂಡ್ ಫ್ಯಾಕ್ಟರನ್ನು ಹಿಡಿಯಲು ಕ್ಯಾಲ್ಸಿಯಂ ಕೇಳಲ್ಲ. ಹಿಡಿಯುವುದೂ ಬೇಗ, ಬಿಡುವುದೂ ಬೇಗ, ಅದಕ್ಕೇ ಉರುಳಾಟ. ಪುರುಸೊತ್ತು ಸಿಗುವುದು ಈ ಉರುಳಾಟದಲ್ಲೇ. ಅಷ್ಟರಲ್ಲಿ ಜಿಪಿ2ಬಿ/3ಎ ಎಚ್ಚರಗೊಂಡು ಗಟ್ಟಿಯಾಗಿ ಹಿಡಿಯುತ್ತದೆ, ಆಮೇಲೆ ಬಂದ ಪ್ಲೇಟ್‌ಲೆಟ್‌ಗಳನ್ನು ಫೈಬ್ರಿನೋಜನ್ ಜೋಡಿಸುತ್ತದೆ.

ಇನ್ನು ರಭಸದ ಮಾತು. ವಿಲ್ಲಿಬ್ರ್ಯಾಂಡ್ ಫ್ಯಾಕ್ಟರ್ ರಕ್ತದಲ್ಲಿ ನೂಲುಂಡೆಯ ಹಾಗೆ ಸುತ್ತಿಕೊಂಡು ತಿರುಗುತ್ತಿರುತ್ತದೆ. ಗಾಯದಲ್ಲಿ ಬಯಲಾದ, ರಕ್ತನಾಳದ ಗೋಡೆಯೊಳಗಿನ ಕೊಲ್ಯಾಜನ್ ನಾರಿಗೆ ಅದರ ಒಂದು ಕಡೆ ಸಿಕ್ಕಿಕೊಂಡರೆ, ಹರಿವೇ ಅದನ್ನು ಎಳೆದು ಬಿಡಿಸುತ್ತದೆ, ಜಿಪಿ1ಬಿ ಹಿಡಿಯುವ ಜಾಗ ಆಗ ಹೊರಗೆ ಬರುತ್ತದೆ. ಅಂದರೆ ಕೊಚ್ಚಿಕೊಂಡು ಹೋಗಬೇಕಾದ ರಭಸವೇ ಅಂಟಿಸುತ್ತದೆ. ಷಿಯರ್ ದರ, ಅಂದರೆ ಗೋಡೆಯ ಬಳಿ ಹರಿವು ಎಳೆಯುವ ರಭಸದ ಅಳತೆ, ಸೆಕೆಂಡಿಗೆ 1000 ದಾಟಿತೆಂದರೆ ಬರೀ ಫೈಬ್ರಿನೋಜನ್ ಲೇಪಿಸಿದ ಗಾಜು ಹೆಚ್ಚೇನೂ ಹಿಡಿಯಲ್ಲ. ಅಭಿಧಮನಿಯ ನಿಧಾನ ಹರಿವಿನಲ್ಲಾದರೆ ನಡೆಯುತ್ತದೆ.

ಅಂದಹಾಗೆ, ಕೆಂಪುಕಣಗಳನ್ನು ತೆಗೆದು ಹರಿಸಿ ನೋಡಿ, ಅಂಟುವುದು ತೀರಾ ಕಡಿಮೆ. ಅವು ನಡುವೆ ನುಗ್ಗಿ ಪ್ಲೇಟ್‌ಲೆಟ್‌ಗಳನ್ನು ಗೋಡೆಯತ್ತ ತಳ್ಳುತ್ತವೆ.

ಎಂಎಲ್‌ಟಿ_ಎರಡನೇ_ವರ್ಷ:
ಮೇಡಂ, ರಭಸಕ್ಕೇ ಬಿಚ್ಚಿಕೊಳ್ಳುವುದಾದರೆ ಗಾಯವಿಲ್ಲದ ಕಡೆಯೂ ಬಿಚ್ಚಿ ಅಂಟಬೇಕಲ್ಲ?

ಸ್ಲೈಡ್_ಮುಂದೆ_ಕೂತವಳು:
ಅದಕ್ಕೊಂದು ಕತ್ತರಿ ಇದೆ, ಅಡಾಮ್‌ಟಿಎಸ್13 ಎಂಬ ಕಿಣ್ವ. ನೂಲು ಬಿಚ್ಚಿಕೊಂಡಾಗ ಮಾತ್ರ ಅದಕ್ಕೆ ಕತ್ತರಿಸುವ ಜಾಗ ಸಿಗುತ್ತದೆ. ಈ ಕಿಣ್ವ ತೀರಾ ಕಡಿಮೆಯಾದರೆ ಸಣ್ಣ ರಕ್ತನಾಳಗಳಲ್ಲೆಲ್ಲ ಪ್ಲೇಟ್‌ಲೆಟ್ ಗುಂಪುಕಟ್ಟುತ್ತದೆ, ಅದೇ ಟಿಟಿಪಿ ಎಂಬ ಕಾಯಿಲೆ. ಕತ್ತರಿ ಅತಿಯಾಗಿ ಆಡಿದರೂ ತೊಂದರೆ. ಮಹಾಅಪಧಮನಿಯ ಕವಾಟ ಕಿರಿದಾದವರಲ್ಲಿ ಕರುಳಿನಿಂದ ರಕ್ತ ಹೋಗುವುದನ್ನು ಹೈಡ್ ಎಂಬ ವೈದ್ಯರು 1958ರಲ್ಲೇ ಗಮನಿಸಿದ್ದರು. ಕಿರಿದಾದ ಕವಾಟದ ರಭಸಕ್ಕೆ ವಿಲ್ಲಿಬ್ರ್ಯಾಂಡ್ ಫ್ಯಾಕ್ಟರಿನ ಉದ್ದನೆಯ ಎಳೆಗಳು ಬಿಚ್ಚಿ ತುಂಡಾಗಿಬಿಡುತ್ತವೆ. ಕವಾಟ ಬದಲಿಸಿದರೆ ಸಾಮಾನ್ಯವಾಗಿ ಎಳೆಗಳೂ ಮರಳುತ್ತವೆ, ರಕ್ತಸ್ರಾವವೂ ತಗ್ಗುತ್ತದೆ.

ಕೆಂಪುಕಣ:
ಆ ಇಡಿಟಿಎ ವಿಡಿಯೊ ಇದ್ದರೆ ಹಾಕಿ.

ಸ್ಲೈಡ್_ಮುಂದೆ_ಕೂತವಳು:
ಸಿಟ್ಟಿನಲ್ಲಿ ಅವತ್ತೇ ಅಳಿಸಿಬಿಟ್ಟೆ.